ಅನ್ನದ ಋಣ, ಅಕ್ಷರದ ಋಣ: ಪ್ರಾಥಮಿಕ ಶಾಲೆಯೆಂಬ ಸಮುದಾಯ

ಮನುಷ್ಯರು ಕೂಡಿ ಬಾಳುವ ಬಗೆಯನ್ನು ವಿಚಾರಿಸಿದ ಚಿಂತಕರು ಸಾಮಾನ್ಯವಾಗಿ ಎರಡು ಮಾದರಿಗಳನ್ನು ಮುಂದಿಡುತ್ತಾರೆ. ಮನೆ, ಕುಲ, ಜಾತಿ, ಊರು ಎಂಬಂಥ, ಹುಟ್ಟಿನೊಡನೆಯೇ ಒದಗಿ ಬರುವ ಕೂಟ ಒಂದಾದರೆ, ಬೆಳೆದ ಮನುಷ್ಯ ತನ್ನ ಹಿತಾಹಿತಗಳನ್ನು ತೂಗಿ ನೋಡಿ ತಾನಾಗಿ ಸೇರಿಕೊಳ್ಳುವ ವ್ಯಾಪಾರ, ಸಂಘ, ಪಕ್ಷಗಳಂಥ ಕೂಟ ಇನ್ನೊಂದು. ಜರ್ಮನಿಯ ಸಮಾಜಶಾಸ್ತ್ರಜ್ಞ ಫರ್ಡಿನಾಂಡ್ ಟೋನಿಸ್ 1887ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಮೊದಲನೆಯದನ್ನು ಸಮುದಾಯವೆಂದೂ ಎರಡನೆಯದನ್ನು ಸಮಾಜವೆಂದೂ ಬೇರ್ಪಡಿಸಿದ ಮೇಲೆ, ಈ ವಿಂಗಡಣೆ ವಿದ್ವಾಂಸರ ಮಾತುಕತೆಯಲ್ಲಿ ಗಟ್ಟಿಯಾಗಿ ನೆಲೆಗೊಂಡಿತು. ಆದರೆ ಊರಿನ ಸರ್ಕಾರಿ ಪ್ರಾಥಮಿಕ ಶಾಲೆಯ ಒಂದನೆಯ ತರಗತಿಗೆ ಬಂದು ಕುಳಿತ ಆರು ವರ್ಷದ ಮಗು ಪ್ರವೇಶಿಸಿದ ಕೂಟವನ್ನು ಈ ಎರಡರಲ್ಲಿ ಯಾವುದರೊಳಗೂ ಸೇರಿಸಲಾಗುವುದಿಲ್ಲ. ಪಕ್ಕದಲ್ಲಿ ಕುಳಿತ ಮಗು ಅದರ ರಕ್ತಸಂಬಂಧಿಯಲ್ಲ. ಅದನ್ನು ಈ ಮಗು ಆರಿಸಿಕೊಂಡದ್ದೂ ಅಲ್ಲ. ಹುಟ್ಟಿನ ಹಂಗೂ ಇಲ್ಲದ, ಒಪ್ಪಂದದ ಹಂಗೂ ಇಲ್ಲದ ಇಂಥ ಕೂಟದಲ್ಲಿ ಬಾಂಧವ್ಯವೆಂಬುದು ಹುಟ್ಟುವುದು ಎಲ್ಲಿಂದ, ಆ ಬಾಂಧವ್ಯದ ಬೆಲೆಯನ್ನು ಅರಿತು ಮೆಚ್ಚುವುದೆಂದರೆ ಏನು ಎಂಬುದು ಶಿಕ್ಷಣಶಾಸ್ತ್ರದ ಪ್ರಶ್ನೆ ಮಾತ್ರವಲ್ಲ, ಧರ್ಮಜಿಜ್ಞಾಸೆಯ ಪ್ರಶ್ನೆಯೂ ಹೌದು.

ಧರ್ಮಜಿಜ್ಞಾಸೆಯ ಪ್ರಶ್ನೆ ಎನ್ನಲು ಕಾರಣವಿದೆ. ಕೃತಜ್ಞತೆಗೆ ಕೊಟ್ಟವನು, ಕೊಟ್ಟದ್ದು, ಪಡೆದವನು ಎಂಬ ಮೂರು ಅಂಗಗಳು ಬೇಕೆಂದು ಲೋಕರೂಢಿಯೂ ನೀತಿಶಾಸ್ತ್ರವೂ ತಿಳಿಯುತ್ತವೆ. ಪ್ರಾಥಮಿಕ ಶಾಲೆಯಲ್ಲಿ ಪಡೆದವರು ಯಾರೆಂಬುದು ಸ್ಪಷ್ಟ; ಪಡೆದದ್ದು ಅಕ್ಷರ, ಲೆಕ್ಕ, ಅನ್ನ, ಒಡನಾಟ ಎಂಬುದೂ ಸ್ಪಷ್ಟ. ಕೊಟ್ಟವರನ್ನು ಹುಡುಕಿ ಹೊರಟರೆ ಮಾತ್ರ ದಾರಿ ಮುಗಿಯುವುದೇ ಇಲ್ಲ. ಶಿಕ್ಷಕಿಗೆ ಸಂಬಳವಿದೆ, ಸಂಬಳ ಸರ್ಕಾರದ ಬೊಕ್ಕಸದ್ದು, ಬೊಕ್ಕಸ ತುಂಬಿದ್ದು ಬೆಂಕಿಪೊಟ್ಟಣ ಕೊಂಡವನ ತೆರಿಗೆಯಿಂದಲೂ, ಶಾಲೆಯ ಜಾಗ ಯಾರೋ ಹಿರಿಯರು ಬಿಟ್ಟುಕೊಟ್ಟದ್ದು, ಅಕ್ಷರಮಾಲೆಯಂತೂ ಹೆಸರು ಉಳಿಯದ ಅಸಂಖ್ಯ ಜನರ ಸಾವಿರಾರು ವರ್ಷಗಳ ಕೆಲಸ. ಹೆಸರಿಟ್ಟು ಕರೆಯಬಹುದಾದ ದಾತನಿಲ್ಲದ ಕಡೆ ಕೃತಜ್ಞತೆ ಯಾರತ್ತ ಮುಖಮಾಡಬೇಕು? ಈ ಪ್ರಶ್ನೆಗೆ ಭಾರತೀಯ ಪರಂಪರೆಯಲ್ಲಿ ಎರಡು ಉತ್ತರಗಳು ಸಿಗುತ್ತವೆ. ವೈದಿಕ ಸಾಹಿತ್ಯದ ಋಣಕಲ್ಪನೆ ಒಂದು, ಹನ್ನೆರಡನೆಯ ಶತಮಾನದ ಶರಣರ ದಾಸೋಹಕಲ್ಪನೆ ಇನ್ನೊಂದು. ಶಾಲೆಯನ್ನು ಅರ್ಥಮಾಡಿಕೊಳ್ಳಲು ಇವೆರಡೂ ಬೇಕಾಗುತ್ತವೆ; ಇವೆರಡಕ್ಕೂ ಶಾಲೆಯಿಂದ ಒಂದು ತಿದ್ದುಪಡಿಯೂ ಸಲ್ಲುತ್ತದೆ.

ಮನುಷ್ಯ ಹುಟ್ಟುವಾಗಲೇ ಋಣಿಯಾಗಿ ಹುಟ್ಟುತ್ತಾನೆ ಎಂಬುದು ಋಣಕಲ್ಪನೆಯ ತಿರುಳು. ತೈತ್ತಿರೀಯ ಸಂಹಿತೆ ದೇವಋಣ, ಋಷಿಋಣ, ಪಿತೃಋಣ ಎಂಬ ಮೂರನ್ನು ಹೆಸರಿಸಿ, ಯಜ್ಞದಿಂದ ದೇವತೆಗಳ, ಅಧ್ಯಯನಕ್ಕೆ ಮೀಸಲಾದ ಬ್ರಹ್ಮಚರ್ಯದಿಂದ ಋಷಿಗಳ, ಸಂತಾನದಿಂದ ಪಿತೃಗಳ ಋಣ ತೀರುತ್ತದೆ ಎನ್ನುತ್ತದೆ. ಶತಪಥ ಬ್ರಾಹ್ಮಣ ಇವುಗಳಿಗೆ ನಾಲ್ಕನೆಯದಾಗಿ ಮನುಷ್ಯಋಣವನ್ನು ಸೇರಿಸಿ, ಅದು ಇತರರಿಗೆ ನೆಲೆಯನ್ನೂ ಅನ್ನವನ್ನೂ ಕೊಡುವುದರಿಂದ ತೀರುವಂಥದ್ದು ಎನ್ನುತ್ತದೆ. ಸೂಕ್ಷ್ಮವಾಗಿ ನೋಡಿದರೆ ಈ ಲೆಕ್ಕದಲ್ಲಿ ಸಾಲ ಕೊಟ್ಟವನಿಗೇ ಸಾಲ ಹಿಂದಿರುಗುವುದಿಲ್ಲ ಎಂಬುದು ಕಾಣುತ್ತದೆ. ಪಿತೃಗಳ ಋಣ ತೀರುವುದು ಇನ್ನೂ ಹುಟ್ಟದ ಮಕ್ಕಳ ಮೂಲಕ. ಋಷಿಗಳ ಋಣ ತೀರುವುದು ಕಲಿತು ಮುಂದಿನವರಿಗೆ ಉಳಿಸಿಕೊಡುವ ಮೂಲಕ. ಹಿಂದಿನಿಂದ ಬಂದದ್ದು ಮುಂದಕ್ಕೆ ಸಲ್ಲುತ್ತದೆ. ದಾತನ ಹೆಸರು ತಿಳಿಯದ ಕಡೆ ಕೃತಜ್ಞತೆ ಯಾವ ಕಡೆಗೆ ಮುಖಮಾಡಬೇಕೆಂಬ ಪ್ರಶ್ನೆಗೆ ಇದಕ್ಕಿಂತ ತೃಪ್ತಿಕರವಾದ ಉತ್ತರ ಸಿಗುವುದು ಕಷ್ಟ.

ಆದರೆ ಈ ಉತ್ತರದೊಳಗೇ ಒಂದು ಬಿರುಕಿದೆ. ಶತಪಥ ಬ್ರಾಹ್ಮಣ ಇರುವವರೆಲ್ಲರೂ ಋಣಿಗಳೆಂದು ವಿಶಾಲವಾಗಿ ಹೇಳಿದರೆ, ತೈತ್ತಿರೀಯ ಸಂಹಿತೆ ಹುಟ್ಟುವ ಬ್ರಾಹ್ಮಣನನ್ನು ಮಾತ್ರ ಉದ್ದೇಶಿಸಿ ಮಾತಾಡುತ್ತದೆ. ವೇದಾಧ್ಯಯನದ ಅಧಿಕಾರವನ್ನು ಶೂದ್ರರಿಗೂ ಕಾಲಕ್ರಮದಲ್ಲಿ ಸ್ತ್ರೀಯರಿಗೂ ನಿರಾಕರಿಸಿದ ಧರ್ಮಶಾಸ್ತ್ರ ಅವರಿಗೆ ಜ್ಞಾನವನ್ನು ಮಾತ್ರ ನಿರಾಕರಿಸಲಿಲ್ಲ. ಋಷಿಗಳಿಗೆ ಋಣಿಯಾಗುವ ಅರ್ಹತೆಯನ್ನೂ ನಿರಾಕರಿಸಿತು. ಋಣದಿಂದ ಹೊರಗಿಡುವುದು ಬಿಡುಗಡೆಯಂತೆ ತೋರಬಹುದು, ಆದರೆ ಅದು ಬಿಡುಗಡೆಯಲ್ಲ. ಯಾರಿಗೂ ಏನನ್ನೂ ಸಲ್ಲಿಸಬೇಕಾಗಿಲ್ಲದವನು ಯಾರ ಪರಂಪರೆಗೂ ಸೇರಿದವನಲ್ಲ. ಅವನಿಂದ ಮುಂದಿನವರಿಗೆ ದಾಟಬೇಕಾದದ್ದೂ ಏನೂ ಇಲ್ಲ ಎಂದು ಲೋಕ ತೀರ್ಮಾನಿಸಿದೆ ಎಂದೇ ಅದರ ಅರ್ಥ. ಸಾರ್ವಜನಿಕ ಪ್ರಾಥಮಿಕ ಶಾಲೆ ತನ್ನ ಆದರ್ಶದಲ್ಲಿ ಮಾಡಿದ ಅತ್ಯಂತ ದೊಡ್ಡ ಕೆಲಸವೆಂದರೆ, ಊರಿನ ಪ್ರತಿಯೊಂದು ಮಗುವೂ ಒಂದೇ ಜಗಲಿಯ ಮೇಲೆ, ಒಂದೇ ಋಣಕ್ಕೆ, ಒಂದೇ ದಿನ ಪಾಲುದಾರನಾಗಬಹುದೆಂದು ಸಾರಿದ್ದು. ಶಾಲೆಯ ಸಮುದಾಯವೆಂದರೆ ಸಹಋಣಿಗಳ ಸಮುದಾಯ ಎಂಬುದೇ ಈ ಲೇಖನದ ಪ್ರತಿಪಾದನೆ.

ಆದರ್ಶದಲ್ಲಿ ಎಂಬ ಮಾತನ್ನು ಇಲ್ಲಿ ಬೇಕೆಂದೇ ಬಳಸಲಾಗಿದೆ. ಬಿ.ಆರ್. ಅಂಬೇಡ್ಕರರು ‘ವೇಟಿಂಗ್ ಫಾರ್ ಎ ವೀಸಾ’ ಎಂಬ ಬರಹದಲ್ಲಿ ತಮ್ಮ ಬಾಲ್ಯದ ಶಾಲೆಯನ್ನು ನೆನೆದಿದ್ದಾರೆ. ತರಗತಿಯಲ್ಲಿ ಅವರು ಕೂರಬೇಕಾಗಿದ್ದದ್ದು ಬೇರೆಯಾಗಿ, ಮನೆಯಿಂದ ತಂದ ಗೋಣಿತಟ್ಟಿನ ಮೇಲೆ. ಆ ತಟ್ಟನ್ನು ಶಾಲೆಯ ಆಳು ಮುಟ್ಟುತ್ತಿರಲಿಲ್ಲವಾದ್ದರಿಂದ ಸಂಜೆ ಅದನ್ನು ಮನೆಗೆ ಒಯ್ದು ಮರುದಿನ ಮತ್ತೆ ತರಬೇಕಾಗಿತ್ತು. ಬಾಯಾರಿದರೆ ನಲ್ಲಿಯನ್ನು ತಾವೇ ತಿರುಗಿಸುವಂತಿರಲಿಲ್ಲ, ಜವಾನ ಬಂದು ತಿರುಗಿಸಬೇಕು, ಜವಾನನಿಲ್ಲದ ದಿನ ನೀರಿಲ್ಲ. ಅಕ್ಷರ ಸಿಕ್ಕಿತು, ನೀರು ಸಿಗಲಿಲ್ಲ. ಒಂದೇ ಚಾವಣಿಯ ಕೆಳಗೆ ಕೂಡಿಸಿದ ಮಾತ್ರಕ್ಕೆ ಸಮುದಾಯ ಆಗುವುದಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಡ. ಇದೇ ಅಂಬೇಡ್ಕರರು 1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುವಾಗ ತತ್ತ್ವಜ್ಞಾನಿ ಜಾನ್ ಡ್ಯೂಯಿ ಅವರ ಪಾಠಗಳನ್ನು ಕೇಳಿದರು. ಪ್ರಜಾಪ್ರಭುತ್ವವೆಂದರೆ ಆಡಳಿತದ ಒಂದು ಪದ್ಧತಿ ಮಾತ್ರವಲ್ಲ, ಅನುಭವವನ್ನು ಪರಸ್ಪರ ಹಂಚಿಕೊಂಡು ಕೂಡಿ ಬಾಳುವ ರೀತಿ ಎಂಬ ವಿಚಾರವನ್ನು ಡ್ಯೂಯಿ 1916ರಲ್ಲಿ ಶಿಕ್ಷಣವನ್ನು ಕುರಿತ ಗ್ರಂಥದಲ್ಲಿಯೇ ಮಂಡಿಸಿದ್ದು ಗಮನಾರ್ಹ. ಅದಕ್ಕಿಂತ ಇಪ್ಪತ್ತು ವರ್ಷ ಹಿಂದೆ ಶಿಕಾಗೋದಲ್ಲಿ ಅವರು ಮಕ್ಕಳಿಗಾಗಿ ಒಂದು ಪ್ರಯೋಗಶಾಲೆಯನ್ನೇ ತೆರೆದಿದ್ದರು. ಆ ವಿಚಾರವನ್ನು ಅಂಬೇಡ್ಕರರು 1936ರ ‘ಜಾತಿ ವಿನಾಶ’ದಲ್ಲಿ ಜಾತಿಯ ಎದುರಿಗೆ ಒರೆಗಲ್ಲಾಗಿ ನಿಲ್ಲಿಸಿದರು. ಗುರುವಿನ ಸಿದ್ಧಾಂತಕ್ಕೆ ಶಿಷ್ಯ ತನ್ನ ಗೋಣಿತಟ್ಟಿನ ಅನುಭವದಿಂದ ತುಂಬಿಕೊಟ್ಟ ಭಾರ ಅಲ್ಲಿ ಕಾಣುತ್ತದೆ. ಕರ್ನಾಟಕದ ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ದಲಿತ ಮಕ್ಕಳಿಗೆಂದು ಮಂಗಳೂರಿನಲ್ಲಿ ಶಾಲೆ ತೆರೆದು ತಮ್ಮವರಿಂದಲೇ ಬಹಿಷ್ಕಾರಕ್ಕೆ ಒಳಗಾದದ್ದು, ಆ ಕಾಲದಲ್ಲಿ ಋಣದ ಬಾಗಿಲನ್ನು ತೆರೆಯುವುದಕ್ಕೆ ತೆರಬೇಕಾಗಿದ್ದ ಬೆಲೆಯನ್ನು ತೋರಿಸುತ್ತದೆ.

ಪಾಶ್ಚಾತ್ಯ ಚಿಂತಕರಲ್ಲಿ ಶಾಲೆಯ ತರಗತಿಯನ್ನೇ ಒಂದು ನೈತಿಕ ಘಟಕವಾಗಿ ಗಂಭೀರವಾಗಿ ಪರಿಶೀಲಿಸಿದವರು ಫ್ರಾನ್ಸಿನ ಎಮಿಲ್ ಡರ್ಖೈಮ್. ಪ್ಯಾರಿಸಿನ ಸೊರ್ಬಾನ್‌ನಲ್ಲಿ 1902–03ರಲ್ಲಿ ನೈತಿಕ ಶಿಕ್ಷಣವನ್ನು ಕುರಿತು ಅವರು ನೀಡಿದ ಉಪನ್ಯಾಸಗಳ ಪ್ರಕಾರ, ಮನೆಯ ಮಮತೆಗೂ ದೇಶದ ಕಟ್ಟಳೆಗೂ ನಡುವೆ ದೊಡ್ಡ ಅಂತರವಿದ್ದು, ಮಗು ಒಂದರಿಂದ ಇನ್ನೊಂದಕ್ಕೆ ಒಮ್ಮೆಗೇ ಜಿಗಿಯಲಾರದು. ರಕ್ತದಿಂದಲೂ ಸ್ವಂತ ಆಯ್ಕೆಯಿಂದಲೂ ಆಗದ ತರಗತಿಯೆಂಬ ಕೂಟದಲ್ಲಿ ‘ನಾವು’ ಎನ್ನಲು ಕಲಿತ ಮೇಲೆಯೇ ಅದು ದೊಡ್ಡ ‘ನಾವು’ವಿನ ಅರ್ಥವನ್ನು ತಿಳಿಯುತ್ತದೆ. ರಾಜಕೀಯ ಚಿಂತಕಿ ಹಾನಾ ಅರೆಂಟ್ ಶಿಕ್ಷಣವನ್ನು ಕುರಿತ ತಮ್ಮ ಪ್ರಬಂಧದಲ್ಲಿ ಶಾಲೆಯನ್ನು ಹೀಗೆಯೇ ಮನೆಗೂ ಲೋಕಕ್ಕೂ ನಡುವಣ ಎಡೆಯಲ್ಲಿ ಇರಿಸುತ್ತಾರಾದರೂ ಒಂದು ಎಚ್ಚರಿಕೆಯನ್ನು ಸೇರಿಸುತ್ತಾರೆ: ದೊಡ್ಡವರು ಹಿಂದೆ ಸರಿದು ಮಕ್ಕಳನ್ನು ಮಕ್ಕಳ ಗುಂಪಿನ ಕೈಗೇ ಒಪ್ಪಿಸಿದರೆ, ಆ ಗುಂಪು ಒಂಟಿ ಮಗುವಿನ ಮೇಲೆ ನಡೆಸುವ ದಬ್ಬಾಳಿಕೆ ಯಾವ ಹಿರಿಯನ ದರ್ಪಕ್ಕಿಂತಲೂ ಕಠಿಣವಾಗಬಲ್ಲದು. ಅಡ್ಡಹೆಸರಿಟ್ಟು ಕರೆಸಿಕೊಂಡು ಶಾಲೆಯ ಹಿಂದಿನ ಗೋಡೆಗೆ ಒರಗಿ ಅತ್ತ ಮಕ್ಕಳಿರುವವರೆಗೂ ಈ ಎಚ್ಚರಿಕೆ ಸಲ್ಲುತ್ತದೆ. ಶಾಲೆಯ ಒಗ್ಗಟ್ಟನ್ನು ಕೊಂಡಾಡುವ ಬರಹಗಳು ಈ ಮಗುವನ್ನು ಮರೆಯುವುದೇ ಹೆಚ್ಚು.

ಹಾಗಾದರೆ ಒಂದೇ ಕೋಣೆಯ ವಾಸವನ್ನು ಸಮುದಾಯವಾಗಿ ಮಾರ್ಪಡಿಸುವುದು ಯಾವುದು? ಈ ನೆಲದಲ್ಲಿ ಅದಕ್ಕೆ ಅತ್ಯಂತ ಹಳೆಯದೂ ಅತ್ಯಂತ ಕಠಿಣವೂ ಆದ ಪರೀಕ್ಷೆ ಊಟದ ಪಂಕ್ತಿ. ಮನುಸ್ಮೃತಿಯ ಮೂರನೆಯ ಅಧ್ಯಾಯ ಶ್ರಾದ್ಧದ ಪ್ರಕರಣದಲ್ಲಿ, ತಾನು ಕುಳಿತ ಸಾಲನ್ನೇ ಪವಿತ್ರಗೊಳಿಸುವ ಪಂಕ್ತಿಪಾವನರು ಯಾರು, ಸಾಲನ್ನು ಕೆಡಿಸುವುದರಿಂದ ಅಲ್ಲಿ ಕೂರಲು ಅನರ್ಹರಾದ ಅಪಾಂಕ್ತೇಯರು ಯಾರು ಎಂದು ದೀರ್ಘವಾಗಿ ಎಣಿಸುತ್ತದೆ. ಅಲ್ಲಿ ಪಂಕ್ತಿಯೆಂದರೆ ಶುದ್ಧಿಯ ರೇಖೆ. ಒಳಗಿರುವವರನ್ನು ಕೂಡಿಸುವುದಕ್ಕಿಂತ ಹೊರಗಿನವರನ್ನು ತಡೆಯುವುದೇ ಅದರ ಮುಖ್ಯ ಕೆಲಸ. ಈ ರೇಖೆಯನ್ನು ಅಳಿಸಲು ನಡೆದ ಪ್ರಯತ್ನಗಳಲ್ಲಿ ಸಿಖ್ಖರ ಲಂಗರ್ ಒಂದು. ಗುರು ಅಮರದಾಸರು ತಮ್ಮ ದರ್ಶನಕ್ಕೆ ಬಂದವರು ಮೊದಲು ಸಾಲಿನಲ್ಲಿ ಕುಳಿತು ಊಟಮಾಡಬೇಕೆಂದು ವಿಧಿಸಿದ್ದರೆಂದು ಪರಂಪರೆ ನೆನೆಯುತ್ತದೆ. ಅದಕ್ಕಿಂತ ನಾಲ್ಕು ಶತಮಾನ ಹಿಂದೆ ಕಲ್ಯಾಣದಲ್ಲಿ ಬಸವಣ್ಣನವರ ಮಹಾಮನೆಯಲ್ಲಿ ನಡೆದದ್ದು ದಾಸೋಹ. ಕಾಯಕದಿಂದ, ಅಂದರೆ ಸ್ವಂತ ದುಡಿಮೆಯಿಂದ ಬಂದದ್ದನ್ನು ಗುರು, ಲಿಂಗ, ಜಂಗಮರಿಗೆ ಸಲ್ಲಬೇಕಾದದ್ದೆಂದು ತಿಳಿದು, ಕೊಡುವವನು ತನ್ನನ್ನು ಒಡೆಯನೆಂದಲ್ಲ, ಸೇವಕನೆಂದು ಭಾವಿಸಿ ಹಂಚುವುದೇ ದಾಸೋಹ. ದಾನದಲ್ಲಿ ಕೊಡುವ ಕೈ ಮೇಲಿರುತ್ತದೆ, ಪಡೆಯುವ ಕೈ ಕೆಳಗಿರುತ್ತದೆ. ದಾನಿಗೆ ಪುಣ್ಯ, ಯಾಚಕನಿಗೆ ದೈನ್ಯ. ದಾಸೋಹದಲ್ಲಿ ಹಂಚುವವನು ತನ್ನದಲ್ಲದ್ದನ್ನು ಹಂಚುತ್ತಾನಾದ್ದರಿಂದ ಪಡೆಯುವವನಿಗೆ ತಲೆತಗ್ಗಿಸುವ ಪ್ರಸಂಗವಿಲ್ಲ.

ಆದ್ದರಿಂದ ಕರ್ನಾಟಕ ಸರ್ಕಾರ ತನ್ನ ಶಾಲೆಗಳ ಬಿಸಿಯೂಟದ ಯೋಜನೆಗೆ ಅಕ್ಷರ ದಾಸೋಹವೆಂದು ಹೆಸರಿಟ್ಟಾಗ, ತಿಳಿದೋ ತಿಳಿಯದೆಯೋ, ಒಂದು ತತ್ತ್ವವನ್ನೇ ಆಡಳಿತದೊಳಕ್ಕೆ ತಂದಿತು. ಅನ್ನವನ್ನೂ ಅಕ್ಷರವನ್ನೂ ದಾಸೋಹವಾಗಿ ಹಂಚುವ ರೂಢಿ ನಾಡಿನ ಮಠಗಳಲ್ಲಿ ಆಗಲೇ ಬೇರೂರಿತ್ತು; ತುಮಕೂರಿನ ಸಿದ್ಧಗಂಗಾ ಮಠದಲ್ಲಿ 2019ರಲ್ಲಿ ಶಿವೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಲ್ಲಿ ಸಾವಿರಾರು ಮಕ್ಕಳು ಜಾತಿಮತಗಳ ಭೇದವಿಲ್ಲದೆ ಉಂಡು ಓದಿದ್ದನ್ನು ನಾಡು ಕಂಡಿದೆ. ಮಕ್ಕಳಿಗೆ ಧಾನ್ಯವನ್ನು ಹಂಚಿದರೆ ಸಾಲದು, ಬೇಯಿಸಿದ ಊಟವನ್ನೇ ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2001ರ ನವೆಂಬರ್ 28ರಂದು ಆದೇಶಿಸಿದ ಮೇಲೆ, 2002–03ರಲ್ಲಿ ರಾಜ್ಯದ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಯೋಜನೆ ಆರಂಭವಾಗಿ, ಮರುವರ್ಷ ಉಳಿದ ಜಿಲ್ಲೆಗಳಿಗೂ ಹಬ್ಬಿತು. ಧಾನ್ಯಕ್ಕೂ ಬೇಯಿಸಿದ ಊಟಕ್ಕೂ ಇರುವ ಅಂತರ ತಾತ್ತ್ವಿಕವಾಗಿ ದೊಡ್ಡದು. ಧಾನ್ಯದ ಚೀಲ ಮನೆಗೆ ಹೋಗುತ್ತದೆ, ಅಲ್ಲಿ ಅದು ಮನೆಯ ಅನ್ನವಾಗುತ್ತದೆ, ಆ ಮನೆಯ ಜಾತಿಯ ಅನ್ನವಾಗುತ್ತದೆ. ಶಾಲೆಯಲ್ಲೇ ಬೆಂದ ಅನ್ನವಾದರೋ ಒಂದೇ ಪಾತ್ರೆಯಿಂದ ಎಲ್ಲರ ತಟ್ಟೆಗೂ ಬೀಳುತ್ತದೆ.

ಆ ಊಟದ ಹೊತ್ತು ಹತ್ತಿರದಿಂದ ನೋಡತಕ್ಕದ್ದು. ಪ್ರಾಥಮಿಕ ಹಂತದ ಮಗುವೊಂದಕ್ಕೆ ನಿಗದಿಯಾದದ್ದು ನೂರು ಗ್ರಾಂ ಧಾನ್ಯ, ಇಪ್ಪತ್ತು ಗ್ರಾಂ ಬೇಳೆ, ಐವತ್ತು ಗ್ರಾಂ ತರಕಾರಿ. ಆರನೆಯ ತರಗತಿಯಿಂದ ಮೇಲಕ್ಕೆ ಇದರ ಒಂದೂವರೆ ಪಾಲು. ಬಡಿಸುವ ಮುನ್ನ ಶಿಕ್ಷಕರೊಬ್ಬರು ಊಟದ ರುಚಿ ನೋಡಬೇಕೆಂಬುದು ನಿಯಮ. ಹನ್ನೆರಡೂವರೆ–ಒಂದು ಗಂಟೆಯ ಸುಮಾರಿಗೆ ಗಂಟೆ ಬಾರಿಸಿತೆಂದರೆ ನಲ್ಲಿಯ ಮುಂದೆ ನೂಕುನುಗ್ಗಲು, ಕೈ ತೊಳೆದು ಅಂಗಿಗೇ ಒರೆಸಿಕೊಂಡು ಓಡಿಬರುವವರ ಸದ್ದು, ಜಗಲಿಯ ಉದ್ದಕ್ಕೂ ಚಕ್ಕಂಬಕ್ಕಳ ಹಾಕಿ ಎದುರುಬದುರಾಗಿ ಕೂರುವ ಎರಡು ಸಾಲು, ಸ್ಟೀಲಿನ ತಟ್ಟೆಗಳ ಟಣಟಣ. ದೊಡ್ಡ ತರಗತಿಯ ಹುಡುಗಿಯರು ಚಿಕ್ಕವರ ತಟ್ಟೆಗೆ ಸಾಂಬಾರು ಚೆಲ್ಲದಂತೆ ಸೌಟು ಬಾಗಿಸುತ್ತಾರೆ. ಒಂದನೆಯ ತರಗತಿಯವನಿಗೆ ಬಿಸಿ ಅನ್ನ ಕಲಸಲಾಗದಿದ್ದರೆ ಪಕ್ಕದವಳು ಊದಿ ಕಲಸಿಕೊಡುತ್ತಾಳೆ. ಎಲ್ಲರಿಗೂ ಬಡಿಸಿ ಆಗುವವರೆಗೆ ಯಾರೂ ತುತ್ತೆತ್ತಬಾರದೆಂಬ ಕಟ್ಟುಪಾಡು ಅನೇಕ ಶಾಲೆಗಳಲ್ಲಿದೆ. ಹಸಿದ ಮಗು ತನ್ನ ಮುಂದೆ ಅನ್ನವಿದ್ದೂ, ಸಾಲಿನ ಕೊನೆಯ ತಟ್ಟೆ ತುಂಬುವವರೆಗೆ ಕಾಯುವ ಆ ಎರಡು ಮೂರು ನಿಮಿಷಗಳಲ್ಲಿ, ಡರ್ಖೈಮ್ ಉಪನ್ಯಾಸಗಳಲ್ಲಿ ವಿವರಿಸಿದ ಸಂಯಮವೂ ಶರಣರು ಬಯಸಿದ ಸಮಭಾವವೂ ಒಟ್ಟಿಗೇ ಅಭ್ಯಾಸವಾಗುತ್ತಿರುತ್ತವೆ. ಮಗುವಿಗೆ ಅದು ತತ್ತ್ವವೆಂದು ಗೊತ್ತಿರುವುದಿಲ್ಲ. ಗೊತ್ತಿಲ್ಲದಿರುವುದರಿಂದಲೇ ಅದು ಮೈಗೂಡುತ್ತದೆ.

ಮಹಾಮನೆಗೂ ಶಾಲೆಗೂ ಇರುವ ಒಂದು ವ್ಯತ್ಯಾಸವನ್ನು ಇಲ್ಲಿ ಹೇಳಬೇಕು. ಮಹಾಮನೆಗೆ ಬಂದವರು ಭಕ್ತರು, ಹುಟ್ಟನ್ನು ಹಿಂದೆ ಬಿಟ್ಟು ಒಂದು ನಂಬಿಕೆಯನ್ನು ಆರಿಸಿಕೊಂಡವರು. ಲಂಗರ್ ಎಲ್ಲರಿಗೂ ತೆರೆದದ್ದಾದರೂ ಅಲ್ಲಿಗೆ ಹೋಗುವವರು ತಮ್ಮ ಇಚ್ಛೆಯಿಂದ ಹೋಗುತ್ತಾರೆ. ಶಾಲೆಯ ಪಂಕ್ತಿ ನಂಬಿಕೆಗಿಂತ ಮೊದಲೇ ಬರುತ್ತದೆ. ಅದು ಯಾರಿಂದಲೂ ದೀಕ್ಷೆಯನ್ನು ಕೇಳುವುದಿಲ್ಲ, ಸಮಾನತೆಯನ್ನು ಒಪ್ಪಿದವರನ್ನು ಮಾತ್ರ ಕೂರಿಸುವುದಿಲ್ಲ. ಧಾರ್ಮಿಕ ಸಮುದಾಯಗಳು ದೊಡ್ಡ ಪರಿವರ್ತನೆಯ ಫಲವಾಗಿ ತಲುಪಿದ ನೆಲೆಯಿಂದಲೇ ಶಾಲೆ ತನ್ನ ಮಕ್ಕಳನ್ನು ಆರಂಭಿಸಬೇಕೆಂದು ಬಯಸುತ್ತದೆ. ಈ ಬಯಕೆಯ ಧೈರ್ಯ ಎಷ್ಟು ದೊಡ್ಡದೋ ಅದರ ದುರ್ಬಲತೆಯೂ ಅಷ್ಟೇ ದೊಡ್ಡದು. ಅಡುಗೆಯವರ ನೇಮಕದಲ್ಲಿ ದಲಿತರಿಗೆ ಆದ್ಯತೆ ನೀಡಬೇಕೆಂದು ಸರ್ವೋಚ್ಚ ನ್ಯಾಯಾಲಯ 2004ರ ಏಪ್ರಿಲ್‌ನಲ್ಲಿ ನಿರ್ದೇಶಿಸಿತು. ಆ ಬಳಿಕ ದಲಿತ ಮಹಿಳೆ ಅಡುಗೆ ಮಾಡುತ್ತಾಳೆಂದು ಮಕ್ಕಳಿಗೆ ಊಟ ಬೇಡವೆನ್ನಿಸಿದ, ಮಕ್ಕಳ ವರ್ಗಾವಣೆ ಪತ್ರವನ್ನೇ ಪಡೆದು ಬೇರೆ ಶಾಲೆಗೆ ಸೇರಿಸಿದ ಪ್ರಸಂಗಗಳು ಕರ್ನಾಟಕದಲ್ಲಿಯೂ ಹೊರಗೂ ಮತ್ತೆ ಮತ್ತೆ ವರದಿಯಾಗಿವೆ. ಇಂಥ ಕಡೆಗಳಲ್ಲಿ ತಟ್ಟೆಯನ್ನು ದೂರ ತಳ್ಳುವ ಕೈ ಮಗುವಿನದಾದರೂ ತಳ್ಳಿಸುವ ಮನಸ್ಸು ಮನೆಯದು. ಮಗುವಿನ ಋಣವನ್ನು ಹರಿದುಹಾಕುವ ಈ ಕೆಲಸವನ್ನು ಧರ್ಮದ ಹೆಸರಿನಲ್ಲಿ ಮಾಡಿದರೂ ಆಚಾರದ ಹೆಸರಿನಲ್ಲಿ ಮಾಡಿದರೂ ಅದು ಅಧರ್ಮವೇ ಎಂದು ಸ್ಪಷ್ಟವಾಗಿ ಹೇಳುವುದು ಅಗತ್ಯ.

ಇದಕ್ಕಿಂತ ಸೂಕ್ಷ್ಮವಾದ ಪ್ರಶ್ನೆಯೊಂದು ಮೊಟ್ಟೆಯ ವಿಷಯದಲ್ಲಿ ಎದ್ದಿತು. ಅಪೌಷ್ಟಿಕತೆಯನ್ನು ನೀಗಿಸಲು 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳೂ ವಿಜಯಪುರವೂ ಸೇರಿದ ಪ್ರದೇಶದ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆ ಕೊಡತೊಡಗಿದಾಗ, ತಿನ್ನದವರಿಗೆ ಬಾಳೆಹಣ್ಣಿನ ಪರ್ಯಾಯವಿದ್ದರೂ, ಕೆಲವು ಮಠಾಧೀಶರು ಇದರಿಂದ ಮಕ್ಕಳ ನಡುವೆ ಭೇದ ಹುಟ್ಟುತ್ತದೆಂದು ಆಕ್ಷೇಪಿಸಿದರು. ಆಕ್ಷೇಪವನ್ನು ಹಗುರವಾಗಿ ತಳ್ಳಿಹಾಕಬೇಕಾಗಿಲ್ಲ, ಏಕೆಂದರೆ ಅದರ ಹಿಂದೆ ಪಂಕ್ತಿಯೆಂದರೆ ಎಲ್ಲರ ಎಲೆಯಲ್ಲೂ ಒಂದೇ ಪದಾರ್ಥ ಎಂಬ ಹಳೆಯ ಸಭ್ಯತೆಯೂ ಇದೆ. ಆದರೆ ಅದನ್ನು ಒಪ್ಪಿದರೆ, ಸಾಲಿನ ಸಮತೆಗಾಗಿ ಎಲ್ಲರೂ ಒಂದು ಗುಂಪಿನ ಆಚಾರಕ್ಕೆ ಹೊಂದಿಕೊಳ್ಳಬೇಕಾಗುತ್ತದೆ. ಪಂಕ್ತಿಯ ಸಮತೆ ಇರುವುದು ಕೂರುವುದರಲ್ಲಿ, ತಟ್ಟೆಯೊಳಗಿನದು ತದ್ರೂಪವಾಗಿರುವುದರಲ್ಲಿ ಅಲ್ಲ. ಮೊಟ್ಟೆ ಸುಲಿಯುವವಳೂ ಬಾಳೆಹಣ್ಣು ಸುಲಿಯುವವಳೂ ಮೊಣಕೈ ತಾಗುವಂತೆ ಕುಳಿತು, ಒಬ್ಬಳದನ್ನು ಇನ್ನೊಬ್ಬಳು ಅಸಹ್ಯಪಡದೆ ನೋಡಲು ಕಲಿತರೆ, ಎಲ್ಲರಿಗೂ ಒಂದೇ ಬಗೆಯ ಊಟ ಬಡಿಸಿದ ಸಾಲಿಗಿಂತ ಅಲ್ಲಿ ಸಮುದಾಯದ ಅಂಶ ಹೆಚ್ಚಿದೆ.

ಭೇದವನ್ನು ಉಳಿಸಿಕೊಂಡೂ ಕೂಡಿರುವ ಈ ಸಾಧ್ಯತೆಯನ್ನು ಭಾರತದ ನ್ಯಾಯಾಂಗ ಇನ್ನೊಂದು ಸಂದರ್ಭದಲ್ಲಿ ಎತ್ತಿಹಿಡಿದಿದೆ. ಕೇರಳದ ಶಾಲೆಯೊಂದರಲ್ಲಿ ಯೆಹೋವನ ಸಾಕ್ಷಿಗಳೆಂಬ ಕ್ರೈಸ್ತ ಪಂಥಕ್ಕೆ ಸೇರಿದ ಮೂವರು ಒಡಹುಟ್ಟಿದವರು, ಅವರಲ್ಲಿ ಕಿರಿಯವಳು ಐದನೆಯ ತರಗತಿಯವಳು, ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆಗೆ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಆದರೆ ತಮ್ಮ ನಂಬಿಕೆಗೆ ವಿರುದ್ಧವೆಂದು ಹಾಡುತ್ತಿರಲಿಲ್ಲ. 1985ರಲ್ಲಿ ಅವರನ್ನು ಶಾಲೆಯಿಂದ ತೆಗೆದುಹಾಕಲಾಯಿತು. ಬಿಜೋ ಇಮ್ಯಾನುಯೆಲ್ ಪ್ರಕರಣವೆಂದು ಪ್ರಸಿದ್ಧವಾದ ಆ ವ್ಯಾಜ್ಯದಲ್ಲಿ ಸರ್ವೋಚ್ಚ ನ್ಯಾಯಾಲಯ 1986ರ ಆಗಸ್ಟ್‌ನಲ್ಲಿ ಮಕ್ಕಳ ಪರವಾಗಿ ತೀರ್ಪಿತ್ತು, ಹಾಡದೆ ನಿಂತದ್ದು ಅಗೌರವವಲ್ಲವೆಂದು ಹೇಳಿತು. ಬೆಳಗಿನ ಪ್ರಾರ್ಥನೆ ಶಾಲೆಯ ಸಮುದಾಯ ಪ್ರತಿದಿನ ತನ್ನನ್ನು ತಾನು ಕಟ್ಟಿಕೊಳ್ಳುವ ಗಳಿಗೆ. ಎಲ್ಲ ಕೊರಳುಗಳೂ ಒಂದಾಗುವ ಸುಖ ಅಲ್ಲಿದೆ, ಅದು ಸಣ್ಣದೇನಲ್ಲ. ಹಾಗಿದ್ದೂ ಹಾಡುವ ನೂರು ಮಕ್ಕಳ ನಡುವೆ ಹಾಡದೆ ನಿಂತ ಒಬ್ಬಳಿಗೂ ಆ ಸಾಲಿನಲ್ಲಿ ಪೂರ್ಣ ಸ್ಥಾನವಿದೆಯೆಂದು ಒಪ್ಪಿದಾಗ ಮಾತ್ರ ಆ ಸುಖ ನಿರ್ಮಲವಾಗುತ್ತದೆ. ಅರೆಂಟ್ ಹೇಳಿದ ಗುಂಪಿನ ದಬ್ಬಾಳಿಕೆಗೂ ಸಹಋಣಿಗಳ ಸಮುದಾಯಕ್ಕೂ ಇರುವ ಗಡಿರೇಖೆ ಇಲ್ಲಿಯೇ ಹಾದುಹೋಗುತ್ತದೆ.

ಭೇದವಿದ್ದೂ ಕೂಡಿರುವ ಈ ಮಾತು ಅಕ್ಷರದ ಋಣಕ್ಕೂ ಅನ್ವಯಿಸುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ 1995ರ ಹೊತ್ತಿಗೆ ರೂಪುಗೊಂಡು ಮುಂದೆ ರಾಜ್ಯವ್ಯಾಪಿಯಾದ ನಲಿ–ಕಲಿ ಪದ್ಧತಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು, ತಮ್ಮ ತಮ್ಮ ವೇಗದಲ್ಲಿ ಕಲಿಕೆಯ ಏಣಿಯನ್ನು ಏರುತ್ತಾರೆ. ಅಲ್ಲಿ ಶಿಕ್ಷಕಿಯ ನೆರವಿನಿಂದ ಕಲಿಯುವ ಗುಂಪಿರುವಂತೆ ಸಹಪಾಠಿಗಳ ನೆರವಿನಿಂದಲೇ ಕಲಿಯುವ ಗುಂಪೂ ಇದೆ. ನಿನ್ನೆ ‘ರ’, ‘ಗ’, ‘ಸ’ಗಳನ್ನು ಬೇರೊಬ್ಬರಿಂದ ಕಲಿತವಳು ಇಂದು ಅದೇ ಕಾರ್ಡನ್ನು ಹಿಡಿದು ಪಕ್ಕದವನಿಗೆ ತೋರಿಸುತ್ತಾಳೆ. ಋಷಿಋಣ ಮುಂದಕ್ಕೆ ಸಲ್ಲುತ್ತದೆಂದು ಹಿಂದೆ ಹೇಳಿದ್ದು ಇಲ್ಲಿ ಒಂದು ದಿನದ ಅಂತರದಲ್ಲಿ, ಒಂದು ಮಾರು ದೂರದಲ್ಲಿ ಕಣ್ಣಿಗೆ ಕಾಣುತ್ತದೆ. ಕಾರ್ಡುಗಳು ಹರಿದು, ಶಿಕ್ಷಕರು ಸಾಲದೆ ಈ ಪದ್ಧತಿ ಸೊರಗಿದ ಶಾಲೆಗಳೂ ಇವೆ. ಅದು ಪದ್ಧತಿಯ ಹಿಂದಿನ ವಿಚಾರದ ದೋಷವಲ್ಲ.

ಈ ಸಮುದಾಯಕ್ಕೆ ಅತಿ ದೊಡ್ಡ ಅಪಾಯ ಒಳಗಿನ ಜಗಳದಿಂದಲ್ಲ, ಹೊರಗೆ ಹೋಗುವ ದಾರಿಯಿಂದ ಬಂದಿದೆ. ಕೊಠಾರಿ ಆಯೋಗ 1966ರ ವರದಿಯಲ್ಲಿ, ನೆರೆಹೊರೆಯ ಎಲ್ಲ ಮಕ್ಕಳೂ ಅಂತಸ್ತಿನ ಭೇದವಿಲ್ಲದೆ ಒಂದೇ ಶಾಲೆಗೆ ಹೋಗುವ ಸಮಾನ ಶಾಲಾ ವ್ಯವಸ್ಥೆಯನ್ನು ಸೂಚಿಸಿತ್ತು. ಅದು ಜಾರಿಯಾಗಲಿಲ್ಲ. ಅನುಕೂಲವುಳ್ಳವರು ಮೊದಲು ಹೊರಟರು. ಮಧ್ಯಮ ವರ್ಗ ಹಿಂಬಾಲಿಸಿತು. ಇಂದು ಹಳ್ಳಿಯ ಬೀದಿಗೂ ಬೆಳಿಗ್ಗೆ ಇಂಗ್ಲಿಷ್ ಮಾಧ್ಯಮದ ಶಾಲೆಯ ಹಳದಿ ವ್ಯಾನು ಬರುತ್ತದೆ. ಪ್ರಾಥಮಿಕ ಹಂತದ ಶಿಕ್ಷಣಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ಪೋಷಕರದೆಂದು 2014ರ ಮೇ ತಿಂಗಳಲ್ಲಿ ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪ್ರಕರಣದಲ್ಲಿಯೇ ತೀರ್ಪಿತ್ತಿದೆ. 2010ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆ ಖಾಸಗಿ ಶಾಲೆಗಳಲ್ಲಿ ಕಾಲುಭಾಗದ ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಟ್ಟಾಗ ಬಡ ಮಗುವಿಗೂ ಹೊರಡುವ ಬಾಗಿಲು ತೆರೆಯಿತು. ಸರ್ಕಾರಿ ಶಾಲೆ ಹತ್ತಿರವಿರುವ ಕಡೆ ಆ ಬಾಗಿಲನ್ನು ಮುಚ್ಚುವಂತೆ ಕರ್ನಾಟಕ 2018ರ ಕೊನೆಗೆ ನಿಯಮ ಬದಲಿಸಿತು. ಯಾವ ತಾಯಿಯೂ ಸಮುದಾಯದ ಆದರ್ಶಕ್ಕಾಗಿ ತನ್ನ ಮಗುವಿನ ಭವಿಷ್ಯವನ್ನು ಪಣವಿಡಬೇಕೆಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಆದರೆ ಆಯ್ಕೆಯಿಂದ ಕಟ್ಟಿದ ಶಾಲೆ ಟೋನಿಸ್ ಹೇಳಿದ ಎರಡನೆಯ ಬಗೆಯ ಕೂಟವಾಗುತ್ತದೆ: ಅಲ್ಲಿ ಶುಲ್ಕ ತೆತ್ತವರು ಇದ್ದಾರೆ, ಸೇವೆ ಪಡೆದವರು ಇದ್ದಾರೆ, ಲೆಕ್ಕ ಅಲ್ಲಿಗೇ ಚುಕ್ತವಾಗುತ್ತದೆ. ಎಲ್ಲರೂ ಹೊರಟುಹೋದ ಮೇಲೆ ಉಳಿದ ಶಾಲೆಯಾದರೋ ಬಡವರ ಶಾಲೆಯೆಂಬ ಹೆಸರು ಪಡೆದು, ಅಲ್ಲಿಯ ದಾಸೋಹ ಮೆಲ್ಲಗೆ ದಾನದ ಬಣ್ಣಕ್ಕೆ ತಿರುಗುತ್ತದೆ.

ಆ ಬಣ್ಣ ಶಾಲೆಯ ಗೋಡೆಗಳ ಮೇಲೂ ಕಾಣುತ್ತದೆ. ಫ್ಯಾನಿನ ರೆಕ್ಕೆಯ ಮೇಲೆ, ಬೀರುವಿನ ಬಾಗಿಲ ಮೇಲೆ, ನೀರಿನ ತೊಟ್ಟಿಯ ಮೇಲೆ ಕೊಟ್ಟವರ ಹೆಸರೂ ಯಾರ ಸ್ಮರಣಾರ್ಥ ಕೊಟ್ಟರೆಂಬುದೂ ಎಣ್ಣೆಬಣ್ಣದಲ್ಲಿ ಬರೆದಿರುತ್ತದೆ. ಹಳೆಯ ವಿದ್ಯಾರ್ಥಿಗಳು ಶಾಲೆಯ ಋಣ ತೀರಿಸುತ್ತೇವೆಂದು ಮನಸಾರೆ ಕೊಟ್ಟ ಈ ವಸ್ತುಗಳಿಲ್ಲದಿದ್ದರೆ ಎಷ್ಟೋ ಕೋಣೆಗಳಲ್ಲಿ ಗಾಳಿಯಿಲ್ಲ, ನೀರಿಲ್ಲ. ಆ ಪ್ರೀತಿಯನ್ನು ಕಿರಿದುಮಾಡುವುದು ಅನ್ಯಾಯ. ಆದರೆ ಋಣವನ್ನು ತೀರಿಸಿದೆನೆಂಬ ಭಾವ ಬಂದ ಗಳಿಗೆಯಲ್ಲಿ ಕೊಟ್ಟವನು ಸಹಋಣಿಗಳ ಸಾಲಿನಿಂದ ಎದ್ದು ದಾನಿಗಳ ಸಾಲಿಗೆ ಹೋಗಿ ಕೂರುತ್ತಾನೆ. ಅದಕ್ಕಿಂತ ಕಷ್ಟದ ಮೆಚ್ಚುಗೆಯೊಂದಿದೆ: ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ, ಅಂದರೆ ಪೋಷಕರೇ ಬಹುಸಂಖ್ಯೆಯಲ್ಲಿರುವ ಎಸ್.ಡಿ.ಎಂ.ಸಿ.ಯ ಸಭೆಗೆ ಕೂಲಿ ಬಿಟ್ಟು ಬರುವುದು, ಶಿಕ್ಷಕರ ಕೊರತೆಯನ್ನು ಕುರಿತು ಇಲಾಖೆಗೆ ಅರ್ಜಿ ಬರೆಯುವುದು, ಅಕ್ಕಿಯಲ್ಲಿ ಹುಳುವಿದ್ದರೆ ಕೇಳುವುದು. ಇವು ಯಾವ ಫಲಕದ ಮೇಲೂ ಬರುವುದಿಲ್ಲ.

ಪ್ರಾಥಮಿಕ ಶಾಲೆ ತನ್ನವರನ್ನೆಲ್ಲ ಕಳಿಸಿಕೊಡಲೆಂದೇ ಇರುವ ಸಮುದಾಯ. ಮಕ್ಕಳು ಐದನೆಯದನ್ನೋ ಏಳನೆಯದನ್ನೋ ಮುಗಿಸಿ ಟಿ.ಸಿ. ಪಡೆದು ಹೋಗುತ್ತಾರೆ, ಶ್ರಾವಣದ ಮಳೆಯಲ್ಲಿ ಒಟ್ಟಿಗೆ ನೆಂದು ಬಂದವರು ಒಬ್ಬರಿಗೊಬ್ಬರು ಅಪರಿಚಿತರಾಗುತ್ತಾರೆ. ಶಿಕ್ಷಕರು ವರ್ಗವಾಗುತ್ತಾರೆ. ಮಗು ಶಾಲೆ ಬಿಟ್ಟಾಗ ಪೋಷಕರ ಸದಸ್ಯತ್ವವೂ ಮುಗಿಯುತ್ತದೆ. ಹೆಚ್ಚು ಕಾಲ ಅಲ್ಲಿಯೇ ಉಳಿಯುವವರು ಬಹುಮಟ್ಟಿಗೆ ಆ ಊರಿನವರೇ ಆದ ಅಡುಗೆಯ ಹೆಣ್ಣುಮಕ್ಕಳು. ಯಾವ ಮಗುವಿಗೆ ಸಾಂಬಾರು ಕಡಿಮೆ ಸಾಕು, ಯಾವುದು ಸೋಮವಾರ ಹೆಚ್ಚು ಉಣ್ಣುತ್ತದೆ, ಏಕೆ ಉಣ್ಣುತ್ತದೆ ಎಂಬುದು ಅವರಿಗೆ ಗೊತ್ತು. ಇಂಥವರಿಗೆ ಸಿಗುವುದು ಸಂಬಳವಲ್ಲ, ಗೌರವಧನ; ಅದರಲ್ಲಿ ಕೇಂದ್ರದ ಲೆಕ್ಕದ ತಿಂಗಳಿಗೆ ಒಂದು ಸಾವಿರ ರೂಪಾಯಿ, ವರ್ಷಕ್ಕೆ ಹತ್ತು ತಿಂಗಳಂತೆ, 2009ರಲ್ಲಿ ನಿಗದಿಯಾದದ್ದು ಅನೇಕ ವರ್ಷಗಳವರೆಗೆ ಹಾಗೆಯೇ ಉಳಿಯಿತು, ರಾಜ್ಯಗಳು ತಮ್ಮ ಪಾಲು ಸೇರಿಸುತ್ತ ಬಂದವು. ದಾಸೋಹವು ಕಾಯಕವನ್ನು ಬಿಟ್ಟು ಇಲ್ಲವೆಂದು ತಿಳಿದ ಪರಂಪರೆ, ಆ ದಾಸೋಹವನ್ನು ನಡೆಸುವ ಕಾಯಕಕ್ಕೆ ಸಲ್ಲಬೇಕಾದದ್ದನ್ನು ಸಲ್ಲಿಸದಿರುವುದು ಬಹಳ ನೋವಿನ ಸಂಗತಿ.

ಅವರು ಬಡಿಸಿದ ಅನ್ನ ಏನು ಮಾಡಿದೆಯೆಂದು ಕೇಳುವ ಕಾಲ ಈಗ ಬಂದಿದೆ. 2002ರಲ್ಲಿ ಒಂದನೆಯ ತರಗತಿಯಲ್ಲಿದ್ದು ಅಕ್ಷರ ದಾಸೋಹದ ಮೊದಲ ಪಂಕ್ತಿಗಳಲ್ಲಿ ಕುಳಿತ ರಾಯಚೂರು, ಕಲಬುರಗಿ, ಬೀದರ್, ಕೊಪ್ಪಳದ ಮಕ್ಕಳು ಈಗ ಮೂವತ್ತರ ಆಸುಪಾಸಿನವರು; ಅವರಲ್ಲಿ ಅನೇಕರ ಮಕ್ಕಳು ಅದೇ ಜಗಲಿಯ ಮೇಲೆ ಕೂರುವ ವಯಸ್ಸಿಗೆ ಬಂದಿದ್ದಾರೆ. ಬಾಲ್ಯದ ಉದ್ದಕ್ಕೂ ಊರಿನ ಎಲ್ಲ ಕೇರಿಗಳ ಮಕ್ಕಳೊಡನೆ ಒಂದೇ ಪಾತ್ರೆಯ ಅನ್ನ ಉಂಡು ಬೆಳೆದ ಪೋಷಕರ ಇಂಥ ಪೀಳಿಗೆ ಈ ನಾಡಿನ ಹಳ್ಳಿಗಳಿಗೆ ಹೊಸದು. ತಮ್ಮ ಮಗಳನ್ನು ಯಾರ ಪಕ್ಕದಲ್ಲಿ ಕೂರಿಸುತ್ತಾರೆ, ಅಡುಗೆಮನೆಯಲ್ಲಿ ಯಾರಿದ್ದಾರೆಂದು ಕೇಳುತ್ತಾರೋ ಇಲ್ಲವೋ, ಮದುವೆಮನೆಯ ಊಟದಲ್ಲಿ ಹಳೆಯ ಸಹಪಾಠಿಯನ್ನು ಯಾವ ಸಾಲಿಗೆ ಕರೆಯುತ್ತಾರೆ ಎಂಬುದರಲ್ಲಿ, ಶಾಲೆಯ ಪಂಕ್ತಿ ಶಾಲೆಯ ಹೊರಗೂ ಬಾಳಿತೇ ಎಂಬ ಪ್ರಶ್ನೆಗೆ ಉತ್ತರ ಸಿಗುತ್ತ ಹೋಗುತ್ತದೆ.